ಮನಸ್ಸಿನ ಕಾಯಿಲೆಗೂ ಮದ್ದುಂಟು

ನಮ್ಮ ಕುಂದಾಪುರದ ಶಂಕರನಾರಾಯಣ, ಹಾಲಾಡಿ, ಅಮಾಸೆಬೈಲು ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬೆಂಗಳೂರು, ಮುಂಬಯಿಗೆ ಹೋಗುವ ಹುಡುಗರು ಈಗಲೂ ಇದ್ದಾರೆ. ಅಂಥವನೊಬ್ಬ ಕೆಲಸ ಬಿಟ್ಟು ಊರಿಗೆ ಬಂದ ಎಂದಿಟ್ಟುಕೊಳ್ಳಿ. ಪ್ರಾಯ ಇಪ್ಪತ್ತರ ಆಸುಪಾಸು. ರಾತ್ರಿ ನಿದ್ದೆಯಿಲ್ಲ, ಸ್ನಾನ ಬೇಡ. ಚಾವಡಿಯ ಮೂಲೆಯಲ್ಲಿ ಕೂತು ಒಬ್ಬನೇ ಮಾತಾಡುತ್ತಾನೆ. ತಾಯಿ ಬಡಿಸಿದ ಗಂಜಿಯಲ್ಲಿ ಏನೋ ಬೆರೆಸಿದ್ದಾರೆ ಎಂದು ಬಟ್ಟಲು ದೂಡುತ್ತಾನೆ. ಆಚೀಚೆ ಮನೆಯವರ ತೀರ್ಮಾನ ಬೇಗ ಬರುತ್ತದೆ: "ಯಾರೋ ಎಂತದೋ ಮಾಡ್ಸಿದ್ರ್." ಜೋಯಿಸರಲ್ಲಿ ಪ್ರಶ್ನೆ ಇಡಿಸಿದರೆ ನಾಗದೋಷ ಕಾಣುತ್ತದೆ. ಪಾತ್ರಿಯ ದರ್ಶನ, ಕೈಗೆ ನೂಲು, ಹರಕೆ, ಇನ್ನೊಬ್ಬರು ಹೇಳಿದ ಇನ್ನೊಂದು ಕ್ಷೇತ್ರ. ಇವೆಲ್ಲ ಮುಗಿದು ಮಣಿಪಾಲಕ್ಕೋ ಉಡುಪಿಗೋ ಕರೆದೊಯ್ಯುವ ಹೊತ್ತಿಗೆ ವರ್ಷ ದಾಟಿರುತ್ತದೆ. ಕಾಯಿಲೆಗಿಂತ ಹೆಚ್ಚು ನಷ್ಟ ಮಾಡುವುದು ಹೀಗೆ ಕಳೆದುಹೋಗುವ ಆ ವರ್ಷ.

ಹುಡುಗನಿಗೆ ಆಗಿರುವುದು ಸ್ಕಿಜೋಫ್ರೇನಿಯಾ ಇರಬಹುದು. ಯಾರೂ ಇಲ್ಲದಾಗಲೂ ಅವನಿಗೆ ಕೇಳುವ ದನಿ ನಟನೆಯಲ್ಲ, ಎದುರಿಗೆ ನಿಂತು ಮಾತಾಡಿದಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಆದ್ದರಿಂದ ವಾದ ಮಾಡಿ ಅವನನ್ನು ಸೋಲಿಸಲು ಆಗುವುದಿಲ್ಲ. ತಂದೆ ತಾಯಿ ಸಾಕಿದ ರೀತಿಯಿಂದ ಬರುವ ಕಾಯಿಲೆಯೂ ಇದಲ್ಲ. ವಂಶವಾಹಿಗಳ ಪಾಲು ದೊಡ್ಡದು, ಗಾಂಜಾದಂಥ ಅಮಲು ಅದನ್ನು ಕೆಣಕಬಲ್ಲದು. ಸಾಮಾನ್ಯವಾಗಿ ಹರೆಯದ ಕೊನೆಯಲ್ಲಿ, ದುಡಿಮೆ ಶುರುವಾಗುವ ಹೊತ್ತಿಗೇ ತಲೆ ಎತ್ತುತ್ತದೆ.

ನಮ್ಮ ಹಿಂದಿನವರಿಗೆ ಈ ಕಾಯಿಲೆಗಳು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಚರಕಸಂಹಿತೆಯಲ್ಲಿ ಉನ್ಮಾದಕ್ಕೇ ಪ್ರತ್ಯೇಕ ಅಧ್ಯಾಯಗಳಿವೆ. ವಾತ, ಪಿತ್ತ, ಕಫಗಳಿಂದ ಬರುವ ಉನ್ಮಾದ ಒಂದು ಕಡೆ, ಹೊರಗಿನಿಂದ ಬಂದು ಹಿಡಿಯುವ 'ಆಗಂತು' ಉನ್ಮಾದ ಇನ್ನೊಂದು ಕಡೆ. ದೇಹವೋ ದೆವ್ವವೋ ಎಂಬ ಪ್ರಶ್ನೆ ಅಷ್ಟು ಹಳೆಯದು.

ಯುರೋಪಿನಲ್ಲಿ ಮಾನಸಿಕ ರೋಗಿಗಳನ್ನು ಬಹುಕಾಲ ಸರಪಳಿಯಲ್ಲೇ ಇಟ್ಟಿದ್ದರು. 18ನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ವೈದ್ಯ ಫಿಲಿಪ್ ಪಿನೆಲ್ ಅದನ್ನು ಬಿಚ್ಚಿಸಿದ ಎಂದು ಪಠ್ಯಗಳು ಹೇಳುತ್ತವೆ. ಬಿಸೆತ್ರ್ ಆಸ್ಪತ್ರೆಯಲ್ಲಿ ನಿಜಕ್ಕೂ ಆ ಕೆಲಸ ಮಾಡಿದವನು ಅಲ್ಲಿನ ಮೇಲ್ವಿಚಾರಕ ಪುಸ್ಸಾಂ, 1797ರಲ್ಲಿ. ಅವನೂ ಒಂದು ಕಾಲಕ್ಕೆ ಅಲ್ಲಿಯೇ ರೋಗಿಯಾಗಿದ್ದವನು. ಕೀರ್ತಿ ಮಾತ್ರ ವೈದ್ಯನಿಗೆ ಹೋಯಿತು.

ನಮ್ಮಲ್ಲಿ ಹುಚ್ಚಾಸ್ಪತ್ರೆಗಳನ್ನು ಕಟ್ಟಿಸಿದವರು ಬ್ರಿಟಿಷರು. ಬೆಂಗಳೂರಿನದು 1847ರಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಕಾಲದಲ್ಲಿ ಶುರುವಾಯಿತು. ಧಾರವಾಡದ್ದೂ ಹೆಚ್ಚುಕಡಿಮೆ ಅದೇ ಕಾಲದ್ದು. ಕುಂದಾಪುರ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬೆಂಗಳೂರು ಮೈಸೂರು ಸಂಸ್ಥಾನದ್ದು, ಧಾರವಾಡ ಬೊಂಬಾಯಿ ಪ್ರಾಂತ್ಯದ್ದು. ಮದ್ರಾಸ್ ಪ್ರಾಂತ್ಯದೊಳಗೆ ನಮ್ಮ ಕರಾವಳಿಗೆ ಹತ್ತಿರದ್ದೆಂದರೆ 1872ರಲ್ಲಿ ತೆರೆದ ಕಲ್ಲಿಕೋಟೆಯ ಆಸ್ಪತ್ರೆ. ನಮ್ಮ ವಾರಾಹಿ ಹೊಳೆಯ ದಂಡೆಯ ಒಬ್ಬ ರೈತ ತನ್ನ ತಮ್ಮನನ್ನು ಅಷ್ಟು ದೂರ ಒಯ್ಯುವುದು ಎಲ್ಲಿಯ ಮಾತು! ಕೊಟ್ಟಿಗೆಯ ಕಂಬವೇ ಗತಿಯಾಗುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯ ಹೆಸರು 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಎಂದಾಯಿತು. ಡಾ. ಫ್ರಾಂಕ್ ನೊರೊನ್ಹಾ ಅವರ ಮುತುವರ್ಜಿಯಿಂದ 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ಅವರ ನಂತರ ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಲಿಕೆಯ ಕೇಂದ್ರವಾಗಿ ಬೆಳೆಸಿದರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಜೊತೆಗೇ ಶುರುವಾಯಿತು, 1974ರಲ್ಲಿ ಎರಡೂ ಕೂಡಿ ಇವತ್ತಿನ ನಿಮ್ಹಾನ್ಸ್ ಆಯಿತು.

ಮದ್ದಿನ ಕಥೆ ಇನ್ನೂ ವಿಚಿತ್ರ. ಮಾತ್ರೆ ಬರುವ ಮೊದಲು ವೈದ್ಯರು ಏನೇನೋ ಮಾಡಿದರು. ಮಲೇರಿಯಾ ಜ್ವರ ಬರಿಸಿ ನೋಡಿದರು, ಮೆದುಳಿನ ಮುಂಭಾಗದ ತಂತುಗಳನ್ನು ಕತ್ತರಿಸಿದರು. ಎರಡಕ್ಕೂ ನೊಬೆಲ್ ಬಂತು, 1927ರಲ್ಲಿ ಮತ್ತು 1949ರಲ್ಲಿ. ಎರಡನೆಯದನ್ನು ನೆನೆದರೆ ಮನೋವೈದ್ಯರಿಗೆ ಇಂದಿಗೂ ಮುಜುಗರ.

ನಿಜವಾದ ತಿರುವಿನಲ್ಲಿ ನಮ್ಮ ಕಾಡಿನ ಗಿಡವೊಂದರ ಪಾಲೂ ಇದೆ. ಘಟ್ಟದ ಬುಡದಲ್ಲಿ ಬೆಳೆಯುವ ಸರ್ಪಗಂಧಿ ಮೊಣಕಾಲೆತ್ತರದ ಗಿಡ. ಬಿಳಿ ಹೂಗೊಂಚಲು, ಕೆಂಪು ತೊಟ್ಟು, ಬಳುಕಿದ ಬೇರು. ಬಿಹಾರದ ಕಡೆ ಅದನ್ನು ಹುಚ್ಚಿನ ಮದ್ದು ಎಂದೇ ಕರೆಯುತ್ತಿದ್ದರು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ, ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸಾರ ತೆಗೆದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಮನೋರೋಗಿಗಳ ಮೇಲೆ ಕೆಲಸ ಮಾಡಿದ್ದು ಕಂಡಿತು. ಆಮೇಲೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು, ಅವು ಕೊರಡಿನಂತೆ ಬಿದ್ದವು. ದೇಹದೊಳಗೆ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. ಡೋಪಮಿನ್ ಮೆದುಳಿನ ಸಂದೇಶವಾಹಕ ಎಂದು ತಿಳಿದದ್ದು ಹೀಗೆ. ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಸಿಕ್ಕಿತು. ಸ್ಕಿಜೋಫ್ರೇನಿಯಾಕ್ಕೆ ಇಂದು ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಡೋಪಮಿನ್ನಿನ ಅಬ್ಬರವನ್ನು ತಗ್ಗಿಸುತ್ತವೆ. ಹಾಗೆಂದು ಯಾರೂ ಕಾಡಿಗೆ ಹೋಗಿ ಬೇರು ಅಗೆಯಬೇಡಿ. ರಕ್ತದೊತ್ತಡ ಕುಸಿಯುವುದು, ಖಿನ್ನತೆ ಬರುವುದು ಕಂಡುಬಂದು ಮನೋವೈದ್ಯರು ರೆಸರ್ಪಿನ್ನನ್ನು ಕೈಬಿಟ್ಟು ಬಹಳ ಕಾಲವಾಯಿತು.

ಮದ್ದು ಬಂತು, ಹಳ್ಳಿಗೆ ತಲುಪಬೇಕಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟಿತು. ಆ ಬಳ್ಳಾರಿ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ನಮಗೆ ಇನ್ನೂ ಹತ್ತಿರದ ಉದಾಹರಣೆ ತೀರ್ಥಹಳ್ಳಿಯದು. ಹೊಸಂಗಡಿಯಿಂದ ಬಾಳೆಬರೆ ಘಾಟಿ ಹತ್ತಿದರೆ ಸಿಗುವ ಆ ಮಲೆನಾಡಿನಲ್ಲಿ ನಿಮ್ಹಾನ್ಸ್ ತಂಡ 2005ರ ಹೊತ್ತಿಗೆ ಹಳ್ಳಿಹಳ್ಳಿಯ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಅವರಿದ್ದಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಜೊತೆಗಿತ್ತು. ಮದ್ದು ತೆಗೆದುಕೊಂಡವರ ಅಸಾಮರ್ಥ್ಯ ಇಳಿಯಿತು. ತೆಗೆದುಕೊಳ್ಳದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇದು ವಿದೇಶದ ಲೆಕ್ಕವಲ್ಲ, ನಮ್ಮಂಥದೇ ಅಡಿಕೆ ತೋಟ, ನಮ್ಮಂಥದೇ ಮಳೆ ಇರುವ ಊರಿನ ಅನುಭವ.

ಹಾಗಾದರೆ ದೈವ, ದೇವಸ್ಥಾನ? ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡ 31 ಮಂದಿ ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಿದೆ. ಅಲ್ಲಿ ಕಟ್ಟಿಹಾಕುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಊಟ, ಸಣ್ಣಪುಟ್ಟ ಕೆಲಸ, ಮನೆಯವರೊಬ್ಬರ ಒಡನಾಟ. ಕೆಲವು ವಾರಗಳಲ್ಲಿ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ಇಳಿದಿದ್ದವು. ನೆಮ್ಮದಿಯ ಜಾಗಕ್ಕೆ ಗುಣವಿದೆ ಎಂದಾಯಿತು. ಇನ್ನೊಂದು ಮುಖ ತಮಿಳುನಾಡಿನದೇ ಏರ್ವಾಡಿ. 2001ರ ಆಗಸ್ಟ್ 6ರ ಬೆಳಗ್ಗೆ ಅಲ್ಲಿನ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಮಂದಿ ಸತ್ತರು. ಆದ್ದರಿಂದ ನನ್ನ ಮಾತು ಇಷ್ಟೇ: ಹರಕೆ ಹೇಳಿಕೊಳ್ಳಿ, ಪ್ರಸಾದ ತನ್ನಿ, ಅದೇ ವಾರ ಡಾಕ್ಟರಲ್ಲಿಗೂ ಹೋಗಿ. ಮಾತ್ರೆ ನಿಲ್ಲಿಸಿ ಎನ್ನುವವರು, ಬೆತ್ತ ಎತ್ತುವವರು ಯಾರೇ ಆಗಲಿ, ಅಲ್ಲಿಂದ ಎದ್ದು ಬನ್ನಿ.

ಹುಚ್ಚು ಎಂದೊಡನೆ ಕಣ್ಣ ಮುಂದೆ ಬರುವ ಇಂಥ ಕಾಯಿಲೆಗಳು ನಿಜದಲ್ಲಿ ಕಡಿಮೆ. ಹೆಚ್ಚಿನವು ಸದ್ದಿಲ್ಲದವು. ಖಿನ್ನತೆಯನ್ನೇ ನೋಡಿ. ನಮ್ಮ ಹೆಂಗಸರು "ನನಗೆ ಬೇಜಾರು" ಎಂದು ಡಾಕ್ಟರಲ್ಲಿಗೆ ಹೋಗುವುದಿಲ್ಲ. ಮೈಕೈ ನೋವು, ಗ್ಯಾಸು, ತಲೆಭಾರ, ನಸುಕಿಗೇ ಎಚ್ಚರ. ಸ್ಕ್ಯಾನಿಂಗ್ ಆಗುತ್ತದೆ, ರಕ್ತಪರೀಕ್ಷೆ ಆಗುತ್ತದೆ, ಏನೂ ಸಿಗುವುದಿಲ್ಲ. ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟಪಟ್ಟದ್ದು ಈಗ ಬೇಡವಾದರೆ, ಯಕ್ಷಗಾನದ ಚೆಂಡೆ ಕೇಳಿದರೂ ಗದ್ದೆಗೆ ಇಳಿದು ನೋಡುವ ಮನಸ್ಸಾಗದಿದ್ದರೆ, ಅದು ಸೋಮಾರಿತನವಲ್ಲ. ಮದ್ದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಎಂದು ಬಿಟ್ಟವರು, ಗುಣವಾದ ತಿಂಗಳಿಗೇ "ಇನ್ಯಾಕೆ" ಎಂದು ಬಿಟ್ಟವರು, ಇಬ್ಬರೂ ಮತ್ತೆ ಬೀಳುತ್ತಾರೆ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಸಾಯಬೇಕು ಎಂಬ ಮಾತು ಬಾಯಿಂದ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ತೋಟಕ್ಕೆ ತಂದ ವಿಷದ ಡಬ್ಬಿಗೆ ಬೀಗ ಹಾಕಿ.

ಎದೆ ಹೊಡೆದುಕೊಂಡು, ಬೆವರಿ, ಹಾರ್ಟ್ ಅಟ್ಯಾಕ್ ಎಂದೇ ಹೆದರಿ ಓಡುವವರಲ್ಲಿ ಕೆಲವರಿಗೆ ಇರುವುದು ಪ್ಯಾನಿಕ್ ಕಾಯಿಲೆ. ಇಸಿಜಿ ಸರಿ ಇದೆಯೆಂದರೆ ರೋಗವೇ ಇಲ್ಲ ಎಂದಲ್ಲ. ಗೀಳು ರೋಗ ನಮ್ಮ ಮನೆಗಳಲ್ಲಿ ಮಡಿಯ ಹೆಸರಿನಲ್ಲಿ ಅಡಗಿ ಕೂರುತ್ತದೆ. ಕೈ ತೊಳೆದು ತೊಳೆದು ಚರ್ಮ ಒಡೆದರೂ ಸಮಾಧಾನ ಆಗದಿದ್ದರೆ ಅದು ಆಚಾರವಲ್ಲ. ಕುಡಿತ ಬಿಡಿಸಲು ಒಮ್ಮೆಗೇ ಕೋಣೆಯಲ್ಲಿ ಕೂಡಿಹಾಕುವುದು ಅಪಾಯ. ಬಿಟ್ಟ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಎರವಾಗಬಹುದು. ಮುದುಕರ ಮರೆವನ್ನು ಅರವತ್ತಕ್ಕೆ ಅರಳು ಮರಳು ಎಂದು ತಳ್ಳಿಹಾಕಬೇಡಿ. ಥೈರಾಯ್ಡ್ ಅಥವಾ ಬಿ12 ಕೊರತೆಯಿದ್ದರೆ ಅದು ಸರಿಯಾಗುವಂಥದ್ದು.

ಬಾಣಂತಿ ಸನ್ನಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 'ಶರಪಂಜರ' ಸಿನಿಮಾ ಮಾಡಿದರು. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಹುಷಾರಾಗಿಯೇ ಮರಳುತ್ತಾಳೆ. ಅವಳನ್ನು ಮತ್ತೆ ಬೀಳಿಸುವುದು ಗಂಡನ ಮೋಸ, ಸುತ್ತಲಿನವರ ನೋಟ. ಕಾವೇರಿಯಾಗಿ ಕಲ್ಪನಾ ಅಭಿನಯ ನೋಡಿ ಅತ್ತವರೇ ಹೊರಗೆ ಬಂದು ನೆರೆಮನೆಯ ಸೊಸೆಯನ್ನು "ಅದಕ್ಕೆ ಮಂಡೆ ಸಮ ಇಲ್ಲ" ಎಂದದ್ದಿದೆ. ವಾಸ್ತವದಲ್ಲಿ ಇದು ಬೇಗ ಗುಣವಾಗುವ ಮನೋರೋಗಗಳಲ್ಲಿ ಒಂದು. ಆದರೆ ತಾಯಿ, ಮಗು ಇಬ್ಬರ ಜೀವದ ಪ್ರಶ್ನೆಯಾದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಾಸ್ಯ ಪತ್ರಿಕೆ 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಕನ್ನಡದಲ್ಲಿ ಈ ತಿಳಿವಳಿಕೆಗೆ ಬರವಿಲ್ಲ, ಓದಿದ್ದು ಜಗುಲಿಗೆ ಇಳಿದಿಲ್ಲ ಅಷ್ಟೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಏನಾದರೊಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾನೂನು ಈಗ ರೋಗಿಯ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಅರಿವಳಿಕೆ ಇಲ್ಲದೆ ಕರೆಂಟು ಚಿಕಿತ್ಸೆ ಕೊಡುವಂತಿಲ್ಲ. ಚಿಕಿತ್ಸೆ ಕೇಳಿ ಪಡೆಯುವುದು ಹಕ್ಕು. ರಾಜ್ಯ ಸರಕಾರದ 'ಮನೋಚೈತನ್ಯ' ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಕುಂದಾಪುರಕ್ಕೆ ಬಸ್ಸು ಹತ್ತುವ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಲ್ಲಿ ದಿನ ಕೇಳಿಕೊಳ್ಳಿ. ಮನೆಯಿಂದಲೇ ಮಾತಾಡಬೇಕೆಂದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. ನಂಬರು 14416. ಕಾಸಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗೋಡೆಯ ಕ್ಯಾಲೆಂಡರಿನ ಮೇಲೆ ಇವತ್ತೇ ಬರೆದಿಡಿ.