ಕಸುಬಿಗೊಂದು ಹಳೆಯ ಗಾಡಿ

ನಮ್ಮ ಅಜ್ಜಂದಿರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಿದ್ದರು. ಅವರ ಮೊಮ್ಮಕ್ಕಳಾದ ನಾವು ಹೊಟ್ಟೆಪಾಡಿಗಾಗಿ ಪರಊರು ಸೇರಿ, ಕಸುಬಿಗೆಂದು ನಾಲ್ಕು ಚಕ್ರದ ಗಾಡಿಯೊಂದನ್ನು ಕೊಳ್ಳಲು ಹೊರಟಾಗ ಮಾತ್ರ ಹೊಸ ಬಣ್ಣಕ್ಕೂ ಸವಿಮಾತಿಗೂ ಮರುಳಾಗುತ್ತೇವೆ. ಅದರಲ್ಲಿಯೂ ಮಾರುವವರು ನಮ್ಮವರಾದರೆ ಕೇಳುವುದೇ ಬೇಡ.

ಈ ಮಾತನ್ನು ಬರೆಯಲು ಕಾರಣರಾದವರು ಡೊಂಬಿವಲಿಯಲ್ಲಿರುವ ನಮ್ಮ ಬಳಗದ ಒಬ್ಬ ಬಡಗಿ ಮಿತ್ರರು. ಧಾರವಾಡದ ಕಡೆಯವರು, ಉಳಿ, ಗರಗಸ, ಡ್ರಿಲ್ಲುಗಳ ಚೀಲವನ್ನು ಹೊತ್ತು ಲೋಕಲ್ ರೈಲಿನ ಲಗೇಜು ಡಬ್ಬಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಹಲಗೆ ಸಾಗಿಸಲು ಟೆಂಪೋ ಬಾಡಿಗೆ ಕೊಟ್ಟು ಬೇಸತ್ತು, ಹುಬ್ಬಳ್ಳಿಯಲ್ಲಿದ್ದ ಸೋದರಮಾವನ ಮಗನಿಂದ ಹಳೆಯ ಟಾಟಾ ಏಸ್ ಗಾಡಿಯೊಂದನ್ನು ಕೊಂಡರು. ಬೆಲೆ ಪೇಟೆಗಿಂತ ಕಡಿಮೆಯೇ ಇತ್ತು. ಮನೆಯಾಕೆಯ ಎರಡು ಬಳೆಗಳು ಅದಕ್ಕಾಗಿ ಬ್ಯಾಂಕಿನಲ್ಲಿ ಅಡವು ಕುಳಿತವು. ಕಾಗದಪತ್ರದ ಮಾತೆತ್ತಿದಾಗ ಬಂದ ಉತ್ತರ: “ನಮ್ಮ ನಮ್ಮೊಳಗ ಎಂಥಾ ಕಾಗದ ತಗೊ!” ಆ ಕಾಗದದ ಕಥೆಯನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಗಾಡಿಯ ಮಾತು.

ಗಾಡಿ ಬೇಕೇ ಎಂಬುದೇ ಮೊದಲ ಪ್ರಶ್ನೆ. ಮೂರು ತಿಂಗಳ ಕಾಲ ಎಷ್ಟು ಸಲ ಟೆಂಪೋ ಕರೆಸಿದಿರಿ, ಎಷ್ಟು ತೆತ್ತಿರಿ ಎಂಬುದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಈ ಕೆಲಸವನ್ನು ಗೃಹಿಣಿಯರೇ ಚೆನ್ನಾಗಿ ಮಾಡುತ್ತಾರೆ, ಗಂಡಸರ ಲೆಕ್ಕದಲ್ಲಿ ಚಹದ ಖರ್ಚೇ ಬರುವುದಿಲ್ಲ. ತಿಂಗಳಿಗೆ ನಾಲ್ಕೇ ಸಲ ಟೆಂಪೋ ಬೇಕಾಗುವ ವಿದ್ಯುತ್ ಕೆಲಸಗಾರನಿಗೆ ಬೈಕಿನ ಹಿಂದೊಂದು ಪೆಟ್ಟಿಗೆ ಸಾಕು. ದಿನ ಬಿಟ್ಟು ದಿನ ಸಾಮಾನು ಸಾಗಿಸುವ ಬಡಗಿಗೂ ಮದುವೆ ಅಡುಗೆಯವರಿಗೂ ಸ್ವಂತ ಗಾಡಿಯಾದರೆ ಗಿಟ್ಟೀತು. ಅದನ್ನು ರಾತ್ರಿ ಎಲ್ಲಿ ನಿಲ್ಲಿಸುವಿರಿ ಎಂಬುದನ್ನೂ ಆಗಲೇ ಯೋಚಿಸಬೇಕು. ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಕಾರಿಗೆ ಜಾಗ ಕೊಟ್ಟಾರು, ಸರಕಿನ ಗಾಡಿಯನ್ನು ಕಂಡರೆ ಕಾರ್ಯದರ್ಶಿಯ ಹುಬ್ಬು ಮೇಲೇರುತ್ತದೆ.

ಎರಡನೆಯದು ಅಳತೆ. ಪ್ಲೈವುಡ್ ಹಲಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. 2005ರಲ್ಲಿ ಬಂದು ‘ಛೋಟಾ ಹಾಥಿ’ ಎಂದೇ ಹೆಸರಾದ ಟಾಟಾ ಏಸ್‌ನ ಸರಕಿನ ತೊಟ್ಟಿ ಸುಮಾರು ಏಳು ಅಡಿ ಉದ್ದ. ಹಲಗೆ ಅಡಿಯಷ್ಟು ಹೊರಚಾಚಿದರೂ ಅಗಲಕ್ಕೆ ಆರಾಮವಾಗಿ ಮಲಗುತ್ತದೆ. ಹೊರುವ ಭಾರ ಮುಕ್ಕಾಲು ಟನ್ನಿನ ಸುಮಾರು. ಮಾರುತಿ ಈಕೋ ಸರಕು ಗಾಡಿಯೊಳಗೆ ಆ ಹಲಗೆ ಹಿಡಿಯದು, ಆದರೆ ನಾಲ್ಕೂ ಕಡೆ ಮುಚ್ಚಿರುವುದರಿಂದ ಮಳೆಗಾಲದಲ್ಲಿ ಅಡುಗೆಯ ಸಾಮಾನಿಗೂ ನಲ್ಲಿ ಕೆಲಸದವರ ಬೆಲೆಬಾಳುವ ಹತ್ಯಾರಿಗೂ ಅದೇ ವಾಸಿ. ಓಮ್ನಿ ಗಾಡಿ 1984ರಿಂದ 2019ರವರೆಗೆ ತಯಾರಾಯಿತು. ಅಗ್ಗಕ್ಕೆ ಸಿಗುವುದೂ ಅದೇ. ಆದರೆ ಬಿಳಿ ಫಲಕದ ಓಮ್ನಿಯ ಹಿಂದಿನ ಸೀಟು ಕಿತ್ತು ಮರ ತುಂಬಿಸಿದರೆ ಕಾನೂನಿನ ಕಣ್ಣಿಗೆ ಅದು ಸರಕಿನ ಗಾಡಿಯಾಗಿಬಿಡುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಅದೇ. ಕಸುಬಿಗಾದರೆ ಹಳದಿ ಫಲಕದ ಗಾಡಿಯೇ ಲೇಸೆಂದು ನಮ್ಮ ಅಭಿಪ್ರಾಯ. ಅದಕ್ಕೆ ಬೇರೆ ಲೈಸೆನ್ಸು ಬೇಕೆಂಬ ಅಂಜಿಕೆ ಈಗಿಲ್ಲ. ಒಟ್ಟು ತೂಕ 7500 ಕಿಲೋ ಮೀರದ ಗಾಡಿಗೆ ಹಗುರ ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಒಟ್ಟು ತೂಕ 3000 ಕಿಲೋದೊಳಗಿನ ಸರಕು ಗಾಡಿಗೆ ಪರ್ಮಿಟ್ಟೂ ಬೇಕಿಲ್ಲ.

ಇನ್ನು ಗಾಡಿಯನ್ನು ನೋಡುವ ಬಗೆ. ಎಮ್ಮೆಯನ್ನು ನೀರಿನಲ್ಲಿಟ್ಟು ವ್ಯಾಪಾರ ಮಾಡಬಾರದು ಎನ್ನುತ್ತಾರಲ್ಲವೆ? ಹಾಗೆಯೇ ಗಾಡಿಯನ್ನು ರಾತ್ರಿಯಲ್ಲಿ, ಮಳೆಯಲ್ಲಿ, ಆಗತಾನೆ ತೊಳೆದಾಗ ನೋಡಬಾರದು. ಬೆಳಿಗ್ಗೆ ಬೇಗ ಹೋಗಿ, ಇಂಜಿನ್ನಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಚಾಲೂ ಮಾಡಿ ಅದರ ಹಟವನ್ನು ಅಡಗಿಸಿದ್ದಾರೆಂದು ತಿಳಿಯಿರಿ. ತಣ್ಣಗಿದ್ದ ಇಂಜಿನ್ನು ಎಷ್ಟು ಸಲ ಕೆಮ್ಮಿ ಏಳುತ್ತದೆ ಎಂಬುದನ್ನು ನಿಮ್ಮ ಕಿವಿಯೇ ಕೇಳಲಿ. ಹೊಗೆ ನೀಲಿಯಾಗಿದ್ದರೆ ಇಂಜಿನ್ನು ಎಣ್ಣೆ ಕುಡಿಯುತ್ತಿದೆ. ಬೆಚ್ಚಗಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪಿನ ನೀರು ಒಳಗೆ ಸೋರುತ್ತಿರಬಹುದು. ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಮೊದಲೆರಡೂ ದೊಡ್ಡ ಖರ್ಚಿನ ದಾರಿ.

ಆಮೇಲೆ ಅಡಿಯಲ್ಲಿ ಬಗ್ಗಿ ನೋಡಬೇಕು, ಬಟ್ಟೆ ಕೊಳೆಯಾದೀತೆಂದು ಸಂಕೋಚ ಬೇಡ. ಚಾಸಿಯ ಮೇಲೆ ಹೊಸ ವೆಲ್ಡಿಂಗ್ ಇದೆಯೆ? ಹಿಂದಿನ ಸ್ಪ್ರಿಂಗಿನ ಪಟ್ಟಿಗಳು ಚಪ್ಪಟೆಯಾಗಿವೆಯೆ? ಆಗಿದ್ದರೆ ಮುಕ್ಕಾಲು ಟನ್ನಿನ ಗಾಡಿ ಒಂದೂವರೆ ಟನ್ನು ಹೊತ್ತಿದೆ. ಮೀಟರಿನ ಅಂಕಿಯನ್ನು ತಿದ್ದುವವರಿದ್ದಾರೆ, ಆದರೆ ಬ್ರೇಕಿನ ಪೆಡಲಿನ ರಬ್ಬರು ಸುಳ್ಳು ಹೇಳುವುದಿಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗಾಡಿ ಸಿ.ಎನ್.ಜಿ.ಯದಾದರೆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದ ದಾಖಲೆಯನ್ನು ಕೇಳಿ, ಆರ್.ಸಿ.ಯಲ್ಲಿ ಆ ಇಂಧನ ನಮೂದಾಗಿದೆಯೇ ನೋಡಿ.

ನೆರೆಯ ನೀರು ಕುಡಿದ ಗಾಡಿಯ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. 2005ರ ಜುಲೈ 26ರಂದು ಮುಂಬಯಿಯಲ್ಲಿ, 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ನೀರಿನಲ್ಲಿ ನಿಂತ ಗಾಡಿಗಳನ್ನು ಕಣ್ಣಾರೆ ಕಂಡವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅಂಥವು ಬಣ್ಣ ಬಳಿದುಕೊಂಡು ಪೇಟೆಗೆ ಬರುತ್ತವೆ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಬೋಲ್ಟು ತುಕ್ಕು ಹಿಡಿದಿದ್ದರೂ ಅನುಮಾನ ಪಡಬೇಕು.

ಕೊನೆಗೆ ನೊಗಕ್ಕೆ ಹೂಡಿ ನಡೆಸುವುದು. ನಿಮ್ಮದೇ ಸಾಮಾನು ತುಂಬಿ ಯಾವುದಾದರೂ ಸೇತುವೆಯ ಏರನ್ನು ಹತ್ತಿಸಿ. ಇಂಜಿನ್ನು ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ಚು ಮುಗಿದಿದೆ. ಇದಕ್ಕೆ ಒಪ್ಪದ ಮಾಲೀಕನಿಗೆ ನಮಸ್ಕಾರ ಹೇಳಿ ಹೊರಡುವುದೇ ಸರಿ. ಪರಿಚಯದ ಮೇಸ್ತ್ರಿಯನ್ನು ಕರೆದೊಯ್ದರೆ ಅವನ ಅರ್ಧ ದಿನದ ಕೂಲಿ ದುಡಿದ ದುಡ್ಡೇ. ಆದರೆ ಮಾರುವವನೇ ತೋರಿಸಿದ ಮೇಸ್ತ್ರಿ ಬೇಡ.

ಈಗ ಕಾಗದದ ಮಾತು. ನಮ್ಮ ಬಡಗಿ ಮಿತ್ರರ ಗಾಡಿಯಲ್ಲಿ ಮೇಲೆ ಹೇಳಿದ ದೋಷಗಳೊಂದೂ ಇರಲಿಲ್ಲ, ಇಂಜಿನ್ನು ಗಟ್ಟಿಯಾಗಿಯೇ ಇತ್ತು. ಕರ್ನಾಟಕದ ನಂಬರಿನಲ್ಲಿಯೇ ವರ್ಷವೊಂದನ್ನು ಓಡಿಸಿದರು. ಒಂದು ದಿನ ಕಲ್ಯಾಣದ ರಸ್ತೆಯಲ್ಲಿ ತಡೆದು ಕಾಗದ ಕೇಳಿದಾಗ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ಗಾಡಿಗೆ ಆ ರಾಜ್ಯದ ನಂಬರನ್ನೇ ಪಡೆಯಬೇಕೆಂಬ 1988ರ ಕಾಯಿದೆಯ ನಿಯಮ ಗೊತ್ತಾಯಿತು. ನಂಬರು ಪಡೆಯಲು ಹೊರಟರೆ ಮೂಲ ಆರ್.ಟಿ.ಓ. ಕಚೇರಿಯ ಒಪ್ಪಿಗೆ, ಎಂದರೆ 28ನೆಯ ನಮೂನೆ ಬೇಕು. ಅದನ್ನು ಕೇಳಲು ಹೋದರೆ ಆರ್.ಸಿ.ಯ ಮೇಲೆ ಸಾಲ ಕೊಟ್ಟ ಕಂಪನಿಯ ಹೆಸರು ಹಾಗೆಯೇ ಇದೆ! ಮಾವನ ಮಗ ಏಳು ಕಂತುಗಳನ್ನು ಉಳಿಸಿಕೊಂಡಿದ್ದ. ಹೇಳಲು ನಾಚಿಕೆಯಾಗಿತ್ತಂತೆ.

ಆ ಏಳು ಕಂತನ್ನು ನಮ್ಮ ಮಿತ್ರರೇ ಕಟ್ಟಿದರು. ಸಾಲ ತೀರಿದುದಕ್ಕೆ 35ನೆಯ ನಮೂನೆ, ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು, ಇಲ್ಲಿನ ತೆರಿಗೆ ಹೊಸದಾಗಿ. ಅಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದದ್ದನ್ನು ಮರಳಿ ಪಡೆಯಲು ಇನ್ನೊಂದು ಅರ್ಜಿ. ಹುಬ್ಬಳ್ಳಿಗೆ ಐದು ಸಲ ರೈಲು ಹತ್ತಿಳಿದರು. ಹನ್ನೊಂದು ತಿಂಗಳು ಗಾಡಿ ಗಲ್ಲಿಯ ಮೂಲೆಯಲ್ಲಿ ನಿಂತಿತು, ಮಿತ್ರರು ಮತ್ತೆ ಟೆಂಪೋ ಬಾಡಿಗೆ ಕೊಟ್ಟರು. ಅಗ್ಗದ ಬೆಲೆಯಲ್ಲಿ ಉಳಿದದ್ದಕ್ಕಿಂತ ಹೆಚ್ಚು ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಹೋದ ವೈಶಾಖದಲ್ಲಿ ಊರಿನಲ್ಲಿ ನಡೆದ ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡಲಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲೇ, ಮಾರುವವರು ಅಣ್ಣನಾಗಲಿ ಭಾವನಾಗಲಿ, ಸರಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ನಂಬರನ್ನು ಹಾಕಿ ನೋಡಬೇಕು. ಸಾಲದ ನಮೂದು, ಫಿಟ್‌ನೆಸ್ಸಿನ ಅವಧಿ, ವಿಮೆ, ಬಾಕಿಯಿರುವ ಚಲಾನು, ಎಲ್ಲವೂ ಕಾಲೇಜಿಗೆ ಹೋಗುವ ಮಗಳ ಮೊಬೈಲಿನಲ್ಲಿಯೇ ಸಿಗುತ್ತವೆ. ಚಾಸಿಯ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅಚ್ಚನ್ನು ಆರ್.ಸಿ.ಯೊಡನೆ ಹೋಲಿಸಿ. ಸರಕು ಗಾಡಿಯ ಫಿಟ್‌ನೆಸ್ಸನ್ನು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷವರ್ಷವೂ ಮಾಡಿಸಬೇಕು; ಹದಿನೈದು ದಾಟಿದವುಗಳ ಶುಲ್ಕ 2022ರ ಏಪ್ರಿಲಿನಿಂದ ಬಹಳ ಏರಿದೆ. ಎಂಟರ ಆಚೆಯ ಗಾಡಿಗೆ ಬೆಲೆ ಕಟ್ಟುವಾಗ ಇದನ್ನೂ ಲೆಕ್ಕಕ್ಕೆ ತನ್ನಿ. ದಿಲ್ಲಿಯಿಂದ ಅಗ್ಗಕ್ಕೆ ಬರುವ ಹಳೆಯ ಡೀಸೆಲ್ ಗಾಡಿಗಳ ಹಿಂದೆ ಹತ್ತು ವರ್ಷದ ಮಿತಿಯ ಕಥೆಯಿದೆ. 2015ರ ಹಸಿರು ನ್ಯಾಯಮಂಡಳಿಯ ಆಜ್ಞೆಯಿಂದ ಮೊದಲಾಗಿ ಆ ನಿಯಮ ಹಲವು ತಿರುವು ಕಂಡಿದೆ, ಕೊಳ್ಳುವ ದಿನ ಏನಿದೆಯೆಂದು ವಿಚಾರಿಸಿಯೇ ಮುಂದುವರಿಯಿರಿ.

“ಹೆಸರು ಬದಲಾವಣೆ ನಿಧಾನವಾಗಿ ಆಗಲಿ” ಎನ್ನುವ ಮಾರಾಟಗಾರನಿಗೆ ಅವನದೇ ಅಪಾಯವನ್ನು ತಿಳಿಸಿ ಹೇಳಬಹುದು. ಮಾರಿದ ಮೇಲೂ ದಾಖಲೆಯಲ್ಲಿ ಹೆಸರಿದ್ದರೆ ಅಪಘಾತದ ಪರಿಹಾರದ ಹೊಣೆ ಆ ಹೆಸರಿನವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇದನ್ನು ಕೇಳಿದ ಕೂಡಲೆ ಅನೇಕರ ಕೈ ಸಹಿಗೆ ಚುರುಕಾಗುತ್ತದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಹದಿನಾಲ್ಕು ದಿನಗಳೊಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಗಾಡಿಯೊಡನೆ ಬರುವುದಿಲ್ಲ.

ಹಣದ ವಿಷಯದಲ್ಲಿ ನಮ್ಮ ಮನೆಯ ಲೆಕ್ಕ ಇಷ್ಟೆ: ಕೈಯಲ್ಲಿ ಮೂರು ಲಕ್ಷವಿದ್ದರೆ ಎರಡು ಲಕ್ಷ ನಲವತ್ತು ಸಾವಿರದ ಗಾಡಿ ನೋಡಿ. ಮಿಕ್ಕದ್ದು ಟಯರು, ಬ್ಯಾಟರಿ, ವಿಮೆ, ಆರ್.ಟಿ.ಓ. ಶುಲ್ಕಗಳಿಗೆ ಮೊದಲ ಮೂರು ತಿಂಗಳಲ್ಲಿಯೇ ಕರಗುತ್ತದೆ.

ನಮ್ಮ ಮಿತ್ರರ ಗಾಡಿಗೆ ಈಗ ಮಹಾರಾಷ್ಟ್ರದ ನಂಬರು ಬಂದಿದೆ. ಎರಡರಲ್ಲಿ ಒಂದು ಬಳೆ ಬಿಡುಗಡೆಯಾಗಿ ಮನೆಗೆ ಬಂದಿದೆ, ಇನ್ನೊಂದು ದೀಪಾವಳಿಗೆ ಬರಬಹುದೆಂದು ಮನೆಯಾಕೆ ಹೇಳಿದರು.