ಡೆಸ್ಕ್‌ಟಾಪಿನಲ್ಲೇ ಉಳಿದ ಫೋಟೋಗಳು

ಹೈದರಾಬಾದಿನ ಕೋಠಿಯಲ್ಲಿ ವಿಳಾಸ ಹೇಳುವುದಕ್ಕೆ ಎರಡು ಕ್ರಮಗಳಿವೆ. ಒಂದು, ವಾರ್ಡು, ಬ್ಲಾಕು, ಮನೆ ಎಂದು ನಡುವೆ ಅಡ್ಡಗೆರೆ ಹಾಕಿ ಬಾಗಿಲ ಮೇಲೆ ಬರೆದ ನಂಬರು. ಇನ್ನೊಂದು ಜನ ನಿಜವಾಗಿ ಬಳಸುವುದು: ‘ಇಲ್ಲಿಂದ ಎಡಕ್ಕೆ ಮೂರನೇ ಅಂಗಡಿ.’ ನಂಬರು ಈ ಊರಿಗಷ್ಟೇ ಸಲ್ಲುತ್ತದೆ; ಅದನ್ನು ಹುಬ್ಬಳ್ಳಿಗೆ ಒಯ್ದರೆ ಬೇರೆ ಯಾರದೋ ಬಾಗಿಲು. ಇಡೀ ಗಲ್ಲಿಯನ್ನೇ ಎತ್ತಿ ಹುಬ್ಬಳ್ಳಿಯಲ್ಲಿಟ್ಟರೂ ಎಡಕ್ಕೆ ಮೂರನೇ ಅಂಗಡಿ ಮಾತ್ರ ಅಲ್ಲೇ ಇರುತ್ತದೆ. ವೆಬ್‌ಸೈಟಿನ ಪುಟ ತನ್ನ ಫೋಟೋಗಳನ್ನು ಹುಡುಕಿಕೊಳ್ಳುವುದೂ ಈ ಎರಡರಲ್ಲೊಂದು ಕ್ರಮದಲ್ಲಿ.

ಸುಲ್ತಾನ್ ಬಜಾರ್ ಹತ್ತಿರ ಬೀದರ್ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. 1956ರ ನವೆಂಬರ್ 1ಕ್ಕೆ ಮುಂಚೆ ಬೀದರ್, ಗುಲ್ಬರ್ಗಾ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆಗ ಓದಲು, ನೌಕರಿಗೆ ಬಂದು ಇಲ್ಲೇ ಉಳಿದ ಕನ್ನಡಿಗರ ಫೋಟೋಗಳನ್ನು ಮನೆಮನೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಕೂಡಿಸಿದವರು. ಪರಿಚಯದ ಹುಡುಗನೊಬ್ಬ ಅವರ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ವೆಬ್‌ಸೈಟ್ ಕಟ್ಟಿಕೊಟ್ಟು ಪುಣೆಗೆ ಹೋದ. ಇಂಟರ್‌ನೆಟ್ಟಿಗೆ ಇನ್ನೂ ಏರಿಸಿರಲಿಲ್ಲ. ಮೇಷ್ಟ್ರು ಹೊಸ ಲ್ಯಾಪ್‌ಟಾಪ್ ಕೊಂಡು, ಸೈಟಿನ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತಂದು, ಹಳೆಯದನ್ನು ಕೋಠಿಯ ಅಂಗಡಿಯೊಂದಕ್ಕೆ ಮಾರಿಬಿಟ್ಟರು. ಆಮೇಲೆ ನನಗೆ ಫೋನ್.

‘ಹೆಸರು ಎಲ್ಲಾ ಅವ, ಮಂದಿನೇ ಇಲ್ಲ ನೋಡು ತಮ್ಮಾ.’

ಪುಟದ ಕೋಡ್ ತೆರೆದೆ. ಪ್ರತಿ ಫೋಟೋದ ವಿಳಾಸವೂ ಸಿ ಡ್ರೈವ್, ಯೂಸರ್ಸ್, ಅಡ್ಮಿನ್, ಡೆಸ್ಕ್‌ಟಾಪ್ ಎಂದೇ ಶುರು. ಫೋಟೋಗಳು ಸೈಟಿನ ಫೋಲ್ಡರಿನೊಳಗೆ ಇರಲೇ ಇಲ್ಲ. ಹಳೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಸೀದಾ ಡೆಸ್ಕ್‌ಟಾಪಿಗೆ ಹೋಗಿ ತರುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲು ಕಾರಣವಿರಲಿಲ್ಲ.

ಇದಕ್ಕೆ ಪರಿಹಾರ ಹಳೆಯದು. ಎಡಕ್ಕೆ ಮೂರನೇ ಅಂಗಡಿ ಎಂಬಂಥ ವಿಳಾಸದ ನಿಯಮಗಳನ್ನು ರಾಯ್ ಫೀಲ್ಡಿಂಗ್ 1995ರ ಜೂನ್‌ನಲ್ಲೇ ಬರೆದಿಟ್ಟಿದ್ದಾರೆ, ಪುಟಗಳ ಗುಂಪು ಜಾಗ ಬದಲಿಸಿದರೂ ಒಳಗಿನ ಕೊಂಡಿಗಳು ಕಳಚಬಾರದೆಂದೇ. ಸೈಟಿನ ಫೋಲ್ಡರಿನೊಳಗೇ ‘ಇಮೇಜಸ್’ ಎಂಬ ಫೋಲ್ಡರ್ ಮಾಡಿ ಫೋಟೋಗಳನ್ನು ಅಲ್ಲಿಡಬೇಕು. ಪುಟದಲ್ಲಿ ಆ ಫೋಲ್ಡರಿನ ಹೆಸರು, ಒಂದು ಓರೆಗೆರೆ, ಫೋಟೋದ ಹೆಸರು, ಇಷ್ಟೇ ಬರೆಯಬೇಕು. ಪುಟ ಇನ್ನೊಂದು ಒಳಫೋಲ್ಡರಿನಲ್ಲಿದ್ದರೆ ಮೊದಲು ಎರಡು ಚುಕ್ಕೆ, ಓರೆಗೆರೆ. ಅಂದರೆ ಒಂದು ಮೆಟ್ಟಿಲು ಹೊರಗೆ ಬಾ ಎಂದು. ವಿಳಾಸವನ್ನು ಓರೆಗೆರೆಯಿಂದಲೇ ಶುರು ಮಾಡಿದರೆ ಸರ್ವರಿನಲ್ಲಿ ಸೈಟಿನ ಬುಡದಿಂದ ಹುಡುಕುತ್ತದೆ. ಮನೆಯಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಡ್ರೈವಿನ ಬುಡದಿಂದ.

ಎಲ್ಲಕ್ಕಿಂತ ತಲೆ ತಿನ್ನುವುದು ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ. ವಿಂಡೋಸ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಸೈಟು ಹೋಗಿ ಕೂರುವ ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ ಫೈಲುಗಳು. ಕ್ಯಾಮೆರಾ ಕೊಟ್ಟ ದೊಡ್ಡಕ್ಷರದ ‘ಜೆಪಿಜಿ’ಯನ್ನು ಪುಟದಲ್ಲಿ ಚಿಕ್ಕಕ್ಷರದಲ್ಲಿ ಬರೆದರೆ ಮನೆಯಲ್ಲಿ ಕಾಣುತ್ತದೆ, ಲೋಕಕ್ಕೆ ಕಾಣದು. ವಿಂಡೋಸ್‌ನ ಹಿಮ್ಮುಖ ಓರೆಗೆರೆಯನ್ನು ಬಳಸಬೇಡಿ; ಹೆಸರಿನಲ್ಲಿ ಖಾಲಿ ಜಾಗವೂ ಬೇಡ. ಫೈಲಿಗೆ ಕನ್ನಡದ ಹೆಸರಿಡಬಹುದೇ? ಇಡಬಹುದು. ಆದರೆ ‘ಮನೆ’ ಎಂಬ ಎರಡಕ್ಷರ ವೆಬ್ ವಿಳಾಸದಲ್ಲಿ 27 ಚಿಹ್ನೆಗಳಾಗಿ ಹಿಗ್ಗುತ್ತದೆ. ನಾನಂತೂ ಕನ್ನಡವನ್ನು ಫೋಟೋದ ಕೆಳಗಿನ ಬರಹಕ್ಕೆ ಇಟ್ಟುಕೊಳ್ಳುತ್ತೇನೆ.

ನಿಮ್ಮೂರಿನ ಕನ್ನಡ ಸಂಘದಲ್ಲೂ ಯಾರೋ ಬಿಡುವಿನಲ್ಲಿ ಕಟ್ಟಿಕೊಟ್ಟ ಇಂಥದೊಂದು ಫೋಲ್ಡರ್ ಇದ್ದೀತು. ಹಳೆಯ ಕಂಪ್ಯೂಟರ್ ಕೈಬಿಡುವ ಮೊದಲು ಅದನ್ನು ಬೇರೆಯವರ ಲ್ಯಾಪ್‌ಟಾಪಿಗೆ ನಕಲು ಮಾಡಿ ತೆರೆದು ನೋಡಿ. ಸ್ವಂತ ಕಂಪ್ಯೂಟರಿನಲ್ಲಿ ನೋಡಿದರೆ ಅದು ಪರೀಕ್ಷೆಯೇ ಅಲ್ಲ.

ವಿಳಾಸ ತಿದ್ದುವುದು ಹತ್ತು ನಿಮಿಷದ ಕೆಲಸ. ಫೋಟೋಗಳೇ ಇಲ್ಲದಿದ್ದರೆ ತಿದ್ದಿ ಏನು? ಮೇಷ್ಟ್ರೊಂದಿಗೆ ಆ ಅಂಗಡಿಗೆ ಹೋದೆ. ಅವರ ಬೀದರ್ ಉರ್ದು ಅಲ್ಲಿ ನನ್ನ ಎಂಟೆಕ್‌ಗಿಂತ ಹೆಚ್ಚು ಕೆಲಸ ಮಾಡಿತು. ಅಂಗಡಿಯಾತ ಒಳಗಿನಿಂದ ಹಾರ್ಡ್ ಡಿಸ್ಕ್ ತಂದ. ಪುಣ್ಯಕ್ಕೆ ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ. ಅಲ್ಲೇ ಕೌಂಟರಿನ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ ಫೋಟೋಗಳನ್ನು ತುಂಬಿಕೊಂಡೆವು. ಎಲ್ಲ ಪುಟಗಳಲ್ಲೂ ಹಳೆಯ ವಿಳಾಸವನ್ನು ಒಂದೇ ಸಲಕ್ಕೆ ಹುಡುಕಿ ಬದಲಿಸಿದೆ.

ಆರು ಮಾತ್ರ ಬರಲಿಲ್ಲ. ಅವುಗಳ ವಿಳಾಸ ಇ ಡ್ರೈವ್ ಎಂದಿತ್ತು, ಬಹುಶಃ ಹುಡುಗ ಅಂದು ಸಿಕ್ಕಿಸಿದ್ದ ಯಾವುದೋ ಪೆನ್‌ಡ್ರೈವ್. ಖಾಲಿ ಚೌಕಗಳ ಕೆಳಗೆ ಹೆಸರು, ಊರು ಉಳಿದಿವೆ. ಆ ಮನೆಗಳಿಗೆ ಮೇಷ್ಟ್ರು ಒಂದೊಂದಾಗಿ ಫೋನ್ ಮಾಡುತ್ತಿದ್ದಾರೆ. ಈವರೆಗೆ ಎರಡು ಸಿಕ್ಕಿವೆ.