ತಾಳಿಯ ಹವಳ, ಕಡಲಿನ ಹವಳ

ಅಕ್ಕ, ನಿಮ್ಮ ಕೊರಳಿನ ಸರ ಒಮ್ಮೆ ನೋಡಿಕೊಳ್ಳಿ. ಕರಿಮಣಿ ಇದೆ. ನಡುವೆ ಒಂದೆರಡು ಕೆಂಪು ಮಣಿ ಇರಬಹುದು. ಅದೇ ಹವಳ. ಈಗೀಗ ಗಾಜಿನದು, ಪ್ಲಾಸ್ಟಿಕ್ಕಿನದು ಪೋಣಿಸಿ ಕೊಡ್ತಾರೆ, ಆ ಮಾತು ಬೇರೆ.

ಹವಳ ಅಂದರೇನು? ಕೆಲವರು ಕಲ್ಲು ಅಂತಾರೆ. ಕೆಲವರು ಗಿಡ ಅಂತಾರೆ. ಎರಡೂ ಅಲ್ಲ. ಅದು ಕಡಲಿನ ಪ್ರಾಣಿ ಕಟ್ಟಿದ ಮನೆ. ಹೂವಿನಂಥ ಪುಟ್ಟ ಪ್ರಾಣಿ. ಸಾವಿರಾರು ಪ್ರಾಣಿಗಳು ಒತ್ತಾಗಿ, ಒಂದೇ ಮೈಯಾಗಿ ಬಾಳುತ್ತವೆ. ನೀರಿನಿಂದ ಸುಣ್ಣ ತೆಗೆದು ತಮ್ಮ ಕೆಳಗೆ ಗಟ್ಟಿ ಗೂಡು ಕಟ್ಟುತ್ತವೆ.

ತಾಳಿಯ ಕೆಂಪು ಹವಳ ದೂರದ ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು. ಅದು ದಿಬ್ಬ ಕಟ್ಟುವುದಿಲ್ಲ. ನಾವು ಇಲ್ಲಿ ಹೇಳುವುದು ಅದರ ದಾಯಾದಿಯ ಕತೆ. ಆ ಹವಳ ಬಿಸಿಲು ಬೀಳುವ ನೀರಿನಲ್ಲಿ ಬೆಳೆದು, ಬೆಟ್ಟದಂಥ ದಿಬ್ಬ ಕಟ್ಟುತ್ತದೆ. ಲಕ್ಷದ್ವೀಪ ನಿಂತಿರುವುದು ಅಂಥ ದಿಬ್ಬಗಳ ಮೇಲೆ. ಅಲ್ಲಿನ ಅಮಿನಿ, ಕಡಮತ್ ದ್ವೀಪಗಳು 1956ರ ತನಕ ಮಂಗಳೂರಿನ ಜಿಲ್ಲೆಗೇ ಸೇರಿದ್ದವು. ಈಗ ಲಕ್ಷದ್ವೀಪದ 10 ದ್ವೀಪಗಳಲ್ಲಿ ಜನ ಇದ್ದಾರೆ. 2011ರ ಜನಗಣತಿಯಲ್ಲಿ ಅವರು ಸುಮಾರು 64 ಸಾವಿರ. ಕಡಲಿನ ಅಲೆ ಮೊದಲು ದಿಬ್ಬಕ್ಕೆ ಬಡಿಯುತ್ತದೆ, ಆಮೇಲೆ ದಡಕ್ಕೆ. ದಿಬ್ಬ ಸತ್ತರೆ ಅವರ ಮನೆಗೆ ಬೇಲಿಯೇ ಇಲ್ಲ.

ಹವಳ ಸಾಯುತ್ತದೆಯೇ? ಸಾಯುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬಾಡಿಗೆಗೆ ಬಂದವರ ಹಾಗೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಕೊಡುತ್ತದೆ. ಅದೇ ಬಾಡಿಗೆ! ಹವಳದ ಬಣ್ಣವೂ ಹೆಚ್ಚಾಗಿ ಈ ಪಾಚಿಯದೇ. ಬೇಸಿಗೆಯಲ್ಲಿ ನೀರು ಎಂದಿಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ, ಕೆಲವು ವಾರ ಹಾಗೇ ನಿಂತರೆ ಸಾಕು. ಹವಳ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಪಾಚಿ ಮರಳಿ ಬರುತ್ತದೆ. ಇಲ್ಲದಿದ್ದರೆ ಹವಳ ಉಪವಾಸ ಬಿದ್ದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗೆ ಹವಳ ಬಿಳಿಚಿತು.

ಆದರೆ ಒಂದು ಸೋಜಿಗ ಇದೆ. ಒಂದೇ ನೀರು, ಒಂದೇ ಬಿಸಿ. ಒಂದು ಹವಳ ಬಿಳಿಚಿರುತ್ತದೆ. ಪಕ್ಕದ್ದು ಬಣ್ಣ ಬಣ್ಣವಾಗಿಯೇ ಇರುತ್ತದೆ. ಯಾಕೆ? ಒಳಗಿರುವ ಪಾಚಿಯ ಜಾತಿ ಬೇರೆ ಇರಬಹುದು. ಇನ್ನೊಂದು ಕಾರಣ, ಹುಟ್ಟುಗುಣ.

ಮಗು ಹುಟ್ಟಿದಾಗ ನಾವು ಏನಂತೀವಿ? ಮೂಗು ಅಜ್ಜಿಯದು, ಬಣ್ಣ ಅಪ್ಪನದು. ಹೀಗೆ ಗುಣಗಳನ್ನು ಹೊತ್ತು ತರುವ ವಸ್ತು ಜೀವದ ಒಳಗಿದೆ. ಅದಕ್ಕೆ ಜೀನು ಅಂತಾರೆ. ಪುಸ್ತಕದಲ್ಲಿ ವಂಶವಾಹಿ ಅಂತ ಬರೀತಾರೆ. ಮನುಷ್ಯರಲ್ಲಿ ಸುಮಾರು 20 ಸಾವಿರ ಜೀನು ಇವೆ. 2011ರಲ್ಲಿ ಜಪಾನಿನ ಓಕಿನಾವಾದ ವಿಜ್ಞಾನಿಗಳು ಒಂದು ಹವಳದ ಜೀನು ಎಣಿಸಿದರು. ಸುಮಾರು 23,700 ಸಿಕ್ಕವು. ಪ್ರಾಣಿ ಸಣ್ಣದು ಅಂತ ಜೀನು ಕಡಿಮೆ ಇರಬೇಕಾಗಿಲ್ಲ, ನೋಡಿ. ಬಿಸಿ ತಾಳುವ ಗುಣ ಒಂದೇ ಜೀನಿನಿಂದ ಬರುವುದಲ್ಲ. ಎಷ್ಟೋ ಜೀನುಗಳು ಸೇರಿ ಬರುವಂಥದ್ದು.

ಈಗ ಹವಳ ಹೇಗೆ ಹೆಚ್ಚುತ್ತದೆ ನೋಡೋಣ. ನಿಮಗೆ ಇದು ಸುಲಭ. ದಾಸವಾಳ ಹೇಗೆ ನೆಡ್ತೀರಿ? ಕಡ್ಡಿ ಮುರಿದು ಊರ್ತೀರಿ. ಕಬ್ಬೂ ಹಾಗೇ, ತುಂಡು ಹಾಕ್ತೀರಿ. ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ಪಡಿಯಚ್ಚು. ಹೂವಿನ ಬಣ್ಣ ಕೂಡ ಬದಲಾಗುವುದಿಲ್ಲ. ಹವಳವೂ ಅಲೆಗೆ ಮುರಿದು, ತುಂಡು ಬಿದ್ದಲ್ಲೇ ಬೆಳೆಯುತ್ತದೆ. ಜೀನೂ ಅದೇ. ನೂರು ಹವಳ ಕಂಡರೂ ಲೆಕ್ಕಕ್ಕೆ ಒಂದೇ. ಒಂದಕ್ಕೆ ಬರುವ ರೋಗ ನೂರಕ್ಕೂ ಬರುತ್ತದೆ.

ಇನ್ನೊಂದು ದಾರಿ ಬೀಜದ ದಾರಿ. ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬದಲ್ಲಿ ವರ್ಷಕ್ಕೊಮ್ಮೆ ಇದು ನಡೆಯುತ್ತದೆ. ಹುಣ್ಣಿಮೆ ಕಳೆದು ಕೆಲವು ದಿನ. ಕತ್ತಲಾದ ಮೇಲೆ ಹವಳಗಳೆಲ್ಲ ಒಟ್ಟಿಗೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಉಂಡೆ ಬಿಡುತ್ತವೆ. ಉಂಡೆಯಲ್ಲಿ ಹೆಣ್ಣಿನ ತತ್ತಿಯೂ ಇದೆ, ಗಂಡಿನ ಬೀಜವೂ ಇದೆ. ಹೆಚ್ಚಿನ ಹವಳಗಳು ಗಂಡೂ ಹೌದು, ಹೆಣ್ಣೂ ಹೌದು. ಉಂಡೆ ಮೇಲೆ ತೇಲಿ ಒಡೆಯುತ್ತದೆ. ಆದರೆ ಒಂದು ಕಟ್ಟಳೆ ಉಂಟು. ತನ್ನ ತತ್ತಿಗೆ ತನ್ನದೇ ಬೀಜ ಸಾಮಾನ್ಯವಾಗಿ ಕೂಡುವುದಿಲ್ಲ. ಒಂದೇ ಬೆಡಗಿನವರು ಬೀಗರಾಗಬಾರದು ಅಂತ ನಮ್ಮ ಹಿರಿಯರು ಹೇಳೋದಿಲ್ಲವೇ, ಹಾಗೆ. ಬೇರೆ ಹವಳದ ಬೀಜವೇ ಬೇಕು. ಆಗ ಹುಟ್ಟುವ ಪ್ರತಿ ಮರಿಯ ಜೀನೂ ಬೇರೆ ಬೇರೆ. ಒಂದು ಬಿಸಿ ತಾಳದಿದ್ದರೆ ಇನ್ನೊಂದು ತಾಳೀತು.

ತಾಳುವ ಗುಣ ತಾಯಿತಂದೆಯಿಂದ ಬರುತ್ತದೆಯೇ? ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿದರು. ಅಲ್ಲಿ ಉತ್ತರಕ್ಕೆ ಹೋದಷ್ಟೂ ಸೆಖೆ. ಉತ್ತರದ ಬಿಸಿನೀರಿನ ಹವಳ, ದಕ್ಷಿಣದ ತಂಪುನೀರಿನ ಹವಳ, ಎರಡನ್ನೂ ಕೂಡಿಸಿ ಮರಿ ಮಾಡಿಸಿದರು. ಮರಿಗಳನ್ನು ಬಿಸಿ ನೀರಿಗೆ ಬಿಟ್ಟರು. 2015ರಲ್ಲಿ ಫಲ ಪ್ರಕಟವಾಯಿತು. ತಾಯಿತಂದೆ ಬಿಸಿನೀರಿನವರಾದರೆ ಮರಿ ಉಳಿಯುವ ಸಾಧ್ಯತೆ 10 ಪಟ್ಟಿನವರೆಗೂ ಹೆಚ್ಚು. ಅದರಲ್ಲೂ ತಾಯಿಯ ಪಾಲು ದೊಡ್ಡದು. ಯಾಕಂದರೆ ತತ್ತಿಯೊಳಗೆ ಶಕ್ತಿ ಹುಟ್ಟಿಸುವ ಪುಟ್ಟ ಪುಟ್ಟ ಒಲೆಗಳಿವೆ. ಈ ಒಲೆಗಳಿಗೂ ತಮ್ಮದೇ ಜೀನು ಇದೆ. ಅವು ತಾಯಿಯಿಂದ ಮಾತ್ರ ಬರುತ್ತವೆ. ನಮ್ಮ ಮೈಯಲ್ಲೂ ಅಷ್ಟೇ. ತಾಯಿ, ತಾಯಿಯ ತಾಯಿ, ಅವಳ ತಾಯಿ, ಹೀಗೆ ಬಂದ ಒಲೆ ಅದು.

ಮಾತು ಬಂತು ಅಂತ ಹೇಳ್ತೀವಿ. ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಬೈಯುವ ಮನೆಗಳು ಇನ್ನೂ ಇವೆ. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂದು ಗೊತ್ತಾಗುವುದು ಗಂಡಸಿನ ಬೀಜದಿಂದ. ತಾಯಿಯ ತತ್ತಿಯಿಂದಲ್ಲ. ಇದನ್ನೂ ಓದಿ ಹೇಳಿ ಅತ್ತೆಗೆ.

ಈಗ ಅಮೆರಿಕದ ಫ್ಲೋರಿಡಾದ ಸಂಗತಿ. ಅಲ್ಲಿ ಸಾರಂಗದ ಕೊಂಬಿನಂಥ ಹವಳ ಬೆಳೆಯುತ್ತಿತ್ತು. ರೋಗ, ಬಿಸಿ ಸೇರಿ ಮೊದಲೇ ಕಡಿಮೆಯಾಗಿತ್ತು. ಜನ ಬಹಳ ವರ್ಷ ಕಷ್ಟಪಟ್ಟು ತುಂಡು ಬೆಳೆಸಿ ನೀರಿನಡಿ ನೆಟ್ಟರು. ಆದರೆ ಕೆಲವು ದಿಬ್ಬಗಳಲ್ಲಿ ಇದ್ದದ್ದೆಲ್ಲ ಒಂದೇ ಹವಳದ ತುಂಡುಗಳು. ಉಂಡೆ ಬಿಟ್ಟರೂ ಕೂಡಲು ಬೇರೆ ಬೆಡಗಿನವರೇ ಇಲ್ಲ! ಮರಿ ಎಲ್ಲಿಂದ ಬರಬೇಕು? 2023ರ ಬೇಸಿಗೆಯಲ್ಲಿ ನೀರು ಕಾಯಿತು. ಫ್ಲೋರಿಡಾ ಕೀಸ್ ಎಂಬ ದ್ವೀಪಗಳ ಸುತ್ತ ಈ ಹವಳ 100ಕ್ಕೆ 97ಕ್ಕೂ ಹೆಚ್ಚು ಸತ್ತುಹೋಯಿತು. ನೆಟ್ಟವರು ನೀರಿನಡಿಯೇ ಅತ್ತರೋ ಏನೋ.

ಆಮೇಲೆ ವಿಜ್ಞಾನಿಗಳು ಬೀಗರನ್ನು ಹುಡುಕಿದರು. ಹೊಂಡುರಾಸ್ ದೇಶದ ತೇಲಾ ಕೊಲ್ಲಿಯ ನೀರು ಬಿಸಿ. ಅಲ್ಲಿ ಇದೇ ಜಾತಿಯ ಹವಳ ಚೆನ್ನಾಗಿ ಬಾಳುತ್ತಿದೆ. ಅದನ್ನು ಫ್ಲೋರಿಡಾಕ್ಕೆ ತಂದು, ಅಲ್ಲಿನ ಹವಳದ ಜೊತೆ ಕೂಡಿಸಿದರು. ಮರಿಗಳು ಹುಟ್ಟಿದವು. ತೊಟ್ಟಿಯಲ್ಲಿ ಸಾಕಿ, 2025ರಲ್ಲಿ ಮಯಾಮಿ ಊರಿನ ಬಳಿ ಕಡಲಿನಲ್ಲಿ ನೆಟ್ಟರು. ಕಡಲು ಹೀಗೇ ಕಾಯುತ್ತಾ ಹೋದರೆ ಒಳ್ಳೆ ಜೀನೂ ಎಷ್ಟು ದಿನ ತಡೆದೀತು ಎಂಬ ಚಿಂತೆ ನಮಗೂ ಇದೆ. ಹೊಗೆ ಕಡಿಮೆಯಾಗದೆ ಕಡಲಿನ ಬಿಸಿ ನಿಲ್ಲದು. ಸದ್ಯಕ್ಕೆ ಆ ಮರಿಗಳು ನೀರಿನಡಿ ಇವೆ. ಕಡು ಬೇಸಿಗೆಯೊಂದು ಬಂದು ಹೋಗಬೇಕು. ಹೊಂಡುರಾಸಿನ ಗುಣ ಅವಕ್ಕೆ ಬಂದಿದೆಯೋ ಇಲ್ಲವೋ ಆಗ ತಿಳಿಯುತ್ತದೆ.